ನಾಳೆ ಬರುವ ಕಾರ್ಡಿಗೆ ಇವತ್ತೇ ಪ್ರೊಸೆಸರ್ ಯಾಕೆ ಮಾರಾಯ್ರೆ?

ಭಾಗ 1

ಡಿಎಂನಲ್ಲಿ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೊಂದೇ. ಊರು ಮಾತ್ರ ಬೇರೆ ಬೇರೆ. ಒಂದು ದಿನ ಮಣಿಪಾಲದ ಹಾಸ್ಟೆಲಿನಿಂದ, ಮರುದಿನ ಕಾಪುವಿನಿಂದ, ಇನ್ನೊಂದು ದಿನ ಕಾರ್ಕಳದಿಂದ. "ಅಣ್ಣ, ನನ್ನ ಹತ್ರ ರೈಜನ್ 5 3600 ಉಂಟು, ಕಾರ್ಡ್ ಜಿಟಿಎಕ್ಸ್ 1650. ಮುಂದಿನ ವರ್ಷ ಆರ್‌ಟಿಎಕ್ಸ್ 5070 ಹಾಕುವ ಪ್ಲಾನ್. ಅದಕ್ಕೆ ಮ್ಯಾಚ್ ಆಗುವ ಪ್ರೊಸೆಸರ್ ಈಗಲೇ ತಗೊಳ್ಳುವಾ ಅಂತ. ಯಾವುದು ಒಳ್ಳೇದು? ಬಾಟಲ್‌ನೆಕ್ ಆಗ್ಬಾರ್ದು."

ನನ್ನ ಉತ್ತರ ಒಂದೇ: ಈಗ ಯಾವುದೂ ಬೇಡ.

ಈ ಉತ್ತರ ಯಾರಿಗೂ ಇಷ್ಟ ಆಗುವುದಿಲ್ಲ, ಗೊತ್ತುಂಟು. ಕೈಯಲ್ಲಿ ದುಡ್ಡು ಇದ್ದಾಗ ಏನಾದರೂ ಒಂದು ತಗೊಳ್ಳಬೇಕು ಅಂತ ಕಾಣ್ತದೆ. ಆದರೆ ಆ ದುಡ್ಡು ಎಲ್ಲಿಂದ ಬಂತು ನೋಡಿ. ಅಪ್ಪ ಮುಂಬಯಿಯ ಹೋಟೆಲಲ್ಲಿ ದುಡಿದದ್ದು, ಅಣ್ಣ ದುಬೈಯಿಂದ ಕಳಿಸಿದ್ದು, ಇಲ್ಲಾಂದ್ರೆ ನೀವೇ ಎರಡು ವರ್ಷ ಇವೆಂಟ್ ಫೋಟೋಗ್ರಫಿ ಮಾಡಿ ಉಳಿಸಿದ್ದು. ಅದನ್ನು ಇನ್ನೂ ಕೊಂಡಿರದ ಒಂದು ಕಾರ್ಡಿನ ಹೆಸರಲ್ಲಿ ಖರ್ಚು ಮಾಡಿಸುವವರ ಮೇಲೆ ನನಗೆ ಸಿಟ್ಟುಂಟು. ಅಂಗಡಿಯವರಿಗೆ ಸರಕು ಖಾಲಿ ಆಗ್ಬೇಕು, ವಿಡಿಯೋ ಮಾಡುವವರಿಗೆ ಕೆಳಗಿನ ಲಿಂಕ್ ಒತ್ತಬೇಕು. ನಿಮಗೆ ಬೇಕಾದದ್ದು ಆಟ ಚೆನ್ನಾಗಿ ಓಡೋದು. ಮೂರೂ ಒಂದೇ ಅಲ್ಲ.

ಇದು ಒಂದು ಪೋಸ್ಟಿಗೆ ಮುಗಿಯುವ ವಿಷಯ ಅಲ್ಲ, ಹಾಗಾಗಿ ಸರಣಿ. ಸೇವ್ ಮಾಡಿ ಇಟ್ಟುಕೊಳ್ಳಿ. ಜಗಳ ಮಾಡುವವರು ಕೊನೆ ಭಾಗದ ವರೆಗೆ ಓದಿ ಮತ್ತೆ ಜಗಳ ಮಾಡಿ.

ಭಾಗ 2

ಫೋಟೋ ಕಂಬಳದ್ದು. ಯಾಕೆ ಹಾಕಿದೆ ಅಂದ್ರೆ, "ಪ್ರೊಸೆಸರ್ ಮತ್ತು ಕಾರ್ಡ್ ಜೋಡಿ ಕೋಣದ ಹಾಗೆ, ಒಂದು ಸಪ್ಪೆ ಆದ್ರೆ ಇನ್ನೊಂದೂ ಹಾಳು" ಅಂತ ಒಬ್ಬರು ಕಾಮೆಂಟ್ ಹಾಕಿದ್ರು. ಕೇಳ್ಲಿಕ್ಕೆ ಚಂದ. ಕಟಪಾಡಿಯಲ್ಲೋ ಮಿಯಾರಿನಲ್ಲೋ ಕರೆಗೆ ಇಳಿಯುವ ಕೋಣಗಳಿಗೆ ಅದು ಸರಿ. ಎರಡರ ಕುತ್ತಿಗೆಗೂ ಒಂದೇ ನೊಗ, ಎರಡೂ ಓಡುವುದು ಅದೇ ಕೆಸರಲ್ಲಿ ಅಷ್ಟೇ ದೂರ.

ಕಂಪ್ಯೂಟರಿನೊಳಗೆ ಹಾಗಿಲ್ಲ. ಒಂದೊಂದು ಫ್ರೇಮಿಗೂ ಪ್ರೊಸೆಸರ್ ಮೊದಲು ಲೆಕ್ಕ ಹಾಕ್ತದೆ: ಯಾರು ಎಲ್ಲಿ ನಿಂತಿದ್ದಾನೆ, ಗುಂಡು ಎಲ್ಲಿಗೆ ಹೋಯ್ತು, ಯಾವ ವಸ್ತು ಕಾಣಬೇಕು, ಏನನ್ನು ಬಿಡಿಸಬೇಕು. ಆ ಪಟ್ಟಿ ಕಾರ್ಡಿಗೆ ಹೋಗ್ತದೆ, ಕಾರ್ಡ್ ಚಿತ್ರ ಬಿಡಿಸ್ತದೆ. ಪ್ರೊಸೆಸರಿನ ಕೆಲಸಕ್ಕೆ ಪರದೆ 1080ಪಿಯಾ 4ಕೆಯಾ ಅನ್ನುವುದು ಹೆಚ್ಚು ಕಡಿಮೆ ಲೆಕ್ಕಕ್ಕೇ ಇಲ್ಲ. ಕಾರ್ಡಿಗೆ ಮಾತ್ರ ಅದೇ ದೊಡ್ಡ ಲೆಕ್ಕ. 4ಕೆ ಅಂದ್ರೆ 1080ಪಿಯ ನಾಲ್ಕು ಪಟ್ಟು ಪಿಕ್ಸೆಲ್.

ಹಾಗಾಗಿ ನೊಗ ಒಂದೇ ಅಲ್ಲ. ಆಟ ಬದಲಾದ್ರೆ, ಸೆಟ್ಟಿಂಗ್ ಬದಲಾದ್ರೆ, ಅದೇ ಆಟದಲ್ಲಿ ಪೇಟೆಯಿಂದ ಕಾಡಿಗೆ ಹೋದ್ರೆ ಕೂಡ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರ್ತದೆ. ಬಾಟಲ್‌ನೆಕ್ ಇಲ್ಲದ ಪಿಸಿ ಅಂತ ಒಂದಿಲ್ಲ. ಯಾವುದೋ ಒಂದು ಯಾವಾಗಲೂ ತಡ ಮಾಡ್ತಾ ಇರ್ತದೆ. ಆ ತಡ ನಿಮ್ಮ ಕಣ್ಣಿಗೆ ಗೊತ್ತಾಗ್ತದಾ ಇಲ್ವಾ, ಪ್ರಶ್ನೆ ಅಷ್ಟೇ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಕಾರ್ಡ್ ಜಾಸ್ತಿ ಆದ್ರೆ ಆ ಹೆಚ್ಚುವರಿಯನ್ನು ಖರ್ಚು ಮಾಡ್ಲಿಕ್ಕೆ ದಾರಿ ಉಂಟು: ನೆರಳು ಹೆಚ್ಚು ಮಾಡಿ, ಟೆಕ್ಸ್‌ಚರ್ ಏರಿಸಿ, ರೆಸಲ್ಯೂಷನ್ ಏರಿಸಿ. ಪ್ರೊಸೆಸರ್ ಜಾಸ್ತಿ ಆದ್ರೆ? ಜಿಟಿಎಕ್ಸ್ 1650 ಜೊತೆ ನೀವು ಮಾರುಕಟ್ಟೆಯ ಅತಿ ಒಳ್ಳೆಯ ಪ್ರೊಸೆಸರ್ ಹಾಕಿ, ಭಾರದ ಆಟಗಳಲ್ಲಿ ಒಂದು ಫ್ರೇಮೂ ಹೆಚ್ಚು ಬರ್ಲಿಕ್ಕಿಲ್ಲ. ಅದು ಕಾರ್ಡ್ ಬರುವ ದಿನದ ವರೆಗೆ ಸುಮ್ನೆ ಕೂತಿರ್ತದೆ. ವಾರಂಟಿ ಮಾತ್ರ ಸುಮ್ನೆ ಕೂರುವುದಿಲ್ಲ, ಬಿಲ್ಲಿನ ತಾರೀಕಿನಿಂದ ಓಡ್ತಾ ಇರ್ತದೆ.

ಭಾಗ 3

ಎರಡು ಫೋಟೋ ಸ್ವೈಪ್ ಮಾಡಿ ನೋಡಿ. ಒಂದು ಮಣಿಪಾಲದ ರೂಮು, ಒಂದು ಕಾರ್ಕಳದ ಮನೆಯ ಚಾವಡಿ.

ಮಣಿಪಾಲದವ ಕೌಂಟರ್ ಸ್ಟ್ರೈಕ್ 2 ಬಿಟ್ಟು ಬೇರೆ ಆಡುವುದಿಲ್ಲ. 240 ಹರ್ಟ್ಜ್ ಮಾನಿಟರ್, 1080ಪಿ, ಎಲ್ಲ ಸೆಟ್ಟಿಂಗ್ ಲೋ. ಕಾರ್ಕಳದವ ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಕುದುರೆ ಹತ್ತಿ ತಿರುಗುವವ, ಪರದೆ ಅಂದ್ರೆ ಮನೆಯ 60 ಹರ್ಟ್ಜ್ 4ಕೆ ಟಿವಿ. ಇಬ್ಬರಿಗೂ ಆರ್‌ಟಿಎಕ್ಸ್ 5070 ಕೊಡಿ. ಒಂದೇ ಪ್ರೊಸೆಸರ್ ಬೇಕಾ?

ಲೆಕ್ಕ ಹಾಕುವ. 60 ಹರ್ಟ್ಜ್ ಪರದೆಗೆ ಒಂದು ಫ್ರೇಮ್ ತಯಾರು ಮಾಡ್ಲಿಕ್ಕೆ ಇರುವ ಸಮಯ 16.7 ಮಿಲಿಸೆಕೆಂಡ್. 240 ಹರ್ಟ್ಜ್ ಪರದೆಗೆ 4.2 ಮಿಲಿಸೆಕೆಂಡ್. ಕಾರ್ಕಳದವನ ಹಳೆಯ 3600 ಆ 16.7ರೊಳಗೆ ತನ್ನ ಕೆಲಸ ಮುಗಿಸಿ ಕೈ ತೊಳೆದು ಕೂತಿರ್ತದೆ. ಬೆವರು ಬರುವುದು ಕಾರ್ಡಿಗೆ. ಮಣಿಪಾಲದವನ ಮನೆಯಲ್ಲಿ ಉಲ್ಟಾ: ಲೋ ಸೆಟ್ಟಿಂಗಲ್ಲಿ ಕಾರ್ಡಿಗೆ ಕೆಲಸವೇ ಇಲ್ಲ, ಹೊಗೆಬಾಂಬ್ ಬಿದ್ದು ಹತ್ತು ಜನ ಗುಂಡು ಹೊಡೆಯುವಾಗ 4.2ರೊಳಗೆ ಲೆಕ್ಕ ಮುಗಿಸ್ಬೇಕಾದದ್ದು ಪ್ರೊಸೆಸರ್. ಅವನಿಗೆ ಒಳ್ಳೆ ಪ್ರೊಸೆಸರ್ ಇವತ್ತೇ ಬೇಕು. 5070 ಬರ್ಲಿ, ಬಾರದೇ ಇರ್ಲಿ.

ಕಾರ್ಡ್ ಅದೇ, ಉತ್ತರ ಬೇರೆ. ಅಂದ್ರೆ ಪ್ರೊಸೆಸರ್ ಯಾವುದು ಅಂತ ಹೇಳುವುದು ಕಾರ್ಡ್ ಅಲ್ಲ. ನಿಮ್ಮ ಪರದೆ, ನಿಮ್ಮ ಆಟ. "5070ಗೆ ಯಾವ ಪ್ರೊಸೆಸರ್" ಅನ್ನುವ ಪ್ರಶ್ನೆಯೇ ತಪ್ಪು ಅಂತ ನಾನು ಹೇಳುವುದು ಇದಕ್ಕೆ.

ಒಂದು ತಿದ್ದುಪಡಿ ಮಾತ್ರ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಹಾಕಿದ್ರೆ ಒಳಗೆ ಬಿಡಿಸುವ ಚಿತ್ರ ಸಣ್ಣದಾಗ್ತದೆ. 1440ಪಿಯಲ್ಲಿ ಕ್ವಾಲಿಟಿ ಮೋಡ್ ಹಾಕಿದ್ರೆ ನಿಜವಾಗಿ ಬಿಡಿಸುವುದು 960ಪಿ. ಆಗ ಕಾರ್ಡಿನ ಭಾರ ಇಳಿದು ಪ್ರೊಸೆಸರಿನ ಮಿತಿ ಹತ್ತಿರ ಬರ್ತದೆ. ರೇ ಟ್ರೇಸಿಂಗ್ ಹಾಕಿದ್ರೂ ಪ್ರೊಸೆಸರಿಗೆ ಸ್ವಲ್ಪ ಹೆಚ್ಚು ಕೆಲಸ. ಪರದೆಯ ಪೆಟ್ಟಿಗೆಯಲ್ಲಿ ಬರೆದ ರೆಸಲ್ಯೂಷನ್ ಒಂದನ್ನೇ ನೋಡ್ಬೇಡಿ.

ಭಾಗ 4

ಈ ಸ್ಕ್ರೀನ್‌ಶಾಟ್ ನೀವೆಲ್ಲ ನೋಡಿದ್ದೀರಿ. ಪ್ರೊಸೆಸರ್ ಹೆಸರು ಹಾಕು, ಕಾರ್ಡ್ ಹೆಸರು ಹಾಕು, ಒಂದು ಬಟನ್ ಒತ್ತು, "ಬಾಟಲ್‌ನೆಕ್ 23 ಶೇಕಡಾ" ಅಂತ ಕೆಂಪು ಅಕ್ಷರದಲ್ಲಿ ಬರ್ತದೆ. ಜಾತಕ ಹೊಂದಾಣಿಕೆ ನೋಡಿದ ಹಾಗೆ. ಜಾತಕದಲ್ಲಾದ್ರೂ ಜೋಯಿಸರು ಹುಟ್ಟಿದ ಗಳಿಗೆ ಕೇಳ್ತಾರೆ, ಇದು ಯಾವ ಆಟ ಅಂತ ಕೂಡ ಕೇಳುವುದಿಲ್ಲ.

23 ಶೇಕಡಾ ಯಾವುದರಲ್ಲಿ? ಕೌಂಟರ್ ಸ್ಟ್ರೈಕಲ್ಲಾ, ಸೈಬರ್‌ಪಂಕಲ್ಲಾ? ಲೋ ಸೆಟ್ಟಿಂಗಲ್ಲಾ, ಅಲ್ಟ್ರಾದಲ್ಲಾ? ಒಂದೇ ಪಿಸಿಯಲ್ಲಿ ಒಂದು ಆಟಕ್ಕೆ ಪ್ರೊಸೆಸರ್ ಅಡ್ಡಿ, ಇನ್ನೊಂದಕ್ಕೆ ಕಾರ್ಡ್ ಅಡ್ಡಿ ಆಗುವಾಗ ಒಂದೇ ಅಂಕೆ ಹೇಗೆ ಸಾಧ್ಯ? ಈ ಅಂಕೆಗೆ ಹೆದರಿ ಮದರ್‌ಬೋರ್ಡ್ ಸಮೇತ ಬದಲಿಸಿದವರು ಉಡುಪಿಯಲ್ಲೇ ಉಂಟು.

ಇನ್ನೊಂದು ಸೂಕ್ಷ್ಮದ ಮೋಸ ಗ್ರಾಫುಗಳದ್ದು. ಒಳ್ಳೆಯ ವಿಮರ್ಶಕರು ಪ್ರೊಸೆಸರ್ ಪರೀಕ್ಷೆ ಮಾಡುವಾಗ ಬೇಕೆಂದೇ ಅತಿ ದೊಡ್ಡ ಕಾರ್ಡ್ ಹಾಕ್ತಾರೆ, ಆರ್‌ಟಿಎಕ್ಸ್ 4090 ಅಥವಾ 5090, ಅದೂ 1080ಪಿಯಲ್ಲಿ. ಕಾರ್ಡ್ ಅಡ್ಡ ಬಾರದೆ ಪ್ರೊಸೆಸರುಗಳ ವ್ಯತ್ಯಾಸ ಮಾತ್ರ ಕಾಣಲಿ ಅಂತ. ವಿಧಾನ ಸರಿಯೇ. ತಪ್ಪು ಅದನ್ನು ತಂದು ತೋರಿಸಿ ಮಾರುವವರದ್ದು. ಆ ಗ್ರಾಫಿನಲ್ಲಿ ಎರಡು ಪ್ರೊಸೆಸರುಗಳ ನಡುವೆ ದೊಡ್ಡ ಅಂತರ ಕಾಣ್ತದೆ. ಅದೇ ಎರಡನ್ನು ಆರ್‌ಟಿಎಕ್ಸ್ 4060 ಜೊತೆ 1440ಪಿಯಲ್ಲಿ, ಹೈ ಸೆಟ್ಟಿಂಗಲ್ಲಿ ಓಡಿಸಿ ನೋಡಿ, ಹೆಚ್ಚಿನ ಆಟಗಳಲ್ಲಿ ಅಂತರ ಹುಡುಕ್ಬೇಕು. ನಿಮ್ಮ ಮನೆಯಲ್ಲಿ 5090 ಇದ್ರೆ ಆ ಗ್ರಾಫ್ ನಿಮ್ಮದು.

ಭಾಗ 5

ಈ ಭಾಗಕ್ಕೆ ಫೋಟೋ ಬೇಡ ಅಂತಿದ್ದೆ, ಆದ್ರೂ ನನ್ನ ಟಾಸ್ಕ್ ಮ್ಯಾನೇಜರ್ ಹಾಕಿದ್ದೇನೆ.

ಖರ್ಚಿಲ್ಲದ ಪರೀಕ್ಷೆ, ಇವತ್ತು ರಾತ್ರಿಯೇ ಮಾಡ್ಬಹುದು. ನೀವು ಹೆಚ್ಚು ಆಡುವ ಆಟ ತೆರೆಯಿರಿ. ವಿ-ಸಿಂಕ್ ಮತ್ತು ಫ್ರೇಮ್ ಮಿತಿ ತೆಗೆಯಿರಿ. ಆಟದಲ್ಲಿ ಅತಿ ಹೆಚ್ಚು ತೊಡಕು ಕೊಡುವ ಜಾಗಕ್ಕೆ ಹೋಗಿ, ಖಾಲಿ ಮೈದಾನದಲ್ಲಿ ನಿಂತು ನೋಡ್ಬೇಡಿ. ಆಫ್ಟರ್‌ಬರ್ನರ್ ಹಾಕಿ ಕಾರ್ಡಿನ ಬಳಕೆ ನೋಡಿ. 95 ಶೇಕಡಾದ ಮೇಲೆ ಇದ್ರೆ ಕಾರ್ಡ್ ತನ್ನ ಪೂರ್ತಿ ಶಕ್ತಿ ಹಾಕ್ತಾ ಉಂಟು, ಪ್ರೊಸೆಸರ್ ಅದಕ್ಕೆ ಕಾಯಿಸ್ತಾ ಇಲ್ಲ. 60-70ರಲ್ಲಿ ಓಲಾಡ್ತಾ ಎಫ್‌ಪಿಎಸ್ ಕಡಿಮೆ ಇದ್ರೆ ಅನುಮಾನ ಪ್ರೊಸೆಸರಿನ ಮೇಲೆ.

ಈಗ ಮುಖ್ಯ ಕೆಲಸ. ರೆಸಲ್ಯೂಷನ್ 720ಪಿಗೆ ಇಳಿಸಿ, ಉಳಿದ ಸೆಟ್ಟಿಂಗ್ ಮುಟ್ಟದೆ ಅದೇ ಜಾಗದಲ್ಲಿ ಮತ್ತೆ ನೋಡಿ. ಆಗ ಬರುವ ಎಫ್‌ಪಿಎಸ್ ನಿಮ್ಮ ಪ್ರೊಸೆಸರ್ ಎಷ್ಟು ಕೊಡಬಲ್ಲದು ಅನ್ನುವುದರ ಹತ್ತಿರದ ಅಂಕೆ. ನಾಳೆ ಎಂಥಾ ಕಾರ್ಡ್ ತಂದರೂ ಆ ಆಟದಲ್ಲಿ, ಆ ಜಾಗದಲ್ಲಿ ಅದಕ್ಕಿಂತ ತುಂಬ ಮೇಲೆ ಹೋಗ್ಲಿಕ್ಕಿಲ್ಲ. ಇದಲ್ವಾ ನಿಮಗೆ ಬೇಕಿದ್ದದ್ದು? ಕಾರ್ಡ್ ಕೈಗೆ ಬರುವ ಮೊದಲೇ ಗೊತ್ತಾಯ್ತು. 720ಪಿಯಲ್ಲಿ 110 ಬಂತು, ನಿಮ್ಮ ಪರದೆ 75 ಹರ್ಟ್ಜ್, ಮುಗಿಯಿತು, ಪ್ರೊಸೆಸರ್ ಮುಟ್ಟಬೇಡಿ. 70 ಬಂತು, ಪರದೆ 165 ಹರ್ಟ್ಜ್, ಆಗ ಮಾತಾಡುವ.

ಪ್ರೊಸೆಸರ್ ಬಳಕೆ 40 ಶೇಕಡಾ ಅಂತ ತೋರಿಸಿದ್ರೆ "ಅರ್ಧಕ್ಕಿಂತ ಹೆಚ್ಚು ಖಾಲಿ ಉಂಟು" ಅಂತ ನಂಬ್ಬೇಡಿ. ಅದು ಎಲ್ಲ ಥ್ರೆಡ್‌ಗಳ ಸರಾಸರಿ. ಆಟದ ಮುಖ್ಯ ಕೆಲಸ ಹಿಡಿದ ಒಂದು ಥ್ರೆಡ್ ಉಸಿರುಗಟ್ಟಿ ಓಡ್ತಾ ಇರಬಹುದು, ಉಳಿದವು ಹರಟೆ ಹೊಡೀತಾ ಇರಬಹುದು.

ಪ್ರೊಸೆಸರೇ ಅಡ್ಡಿ ಅಂತ ಗೊತ್ತಾದ್ರೂ ಅಂಗಡಿಗೆ ಓಡುವ ಮೊದಲು ರ್‍ಯಾಮ್ ನೋಡಿ. ನಮ್ಮ ಕಡೆ ಜೋಡಿಸಿ ಕೊಟ್ಟ ಎಷ್ಟೋ ಪಿಸಿಗಳಲ್ಲಿ ಒಂದೇ 8 ಜಿಬಿ ಕಡ್ಡಿ ಇರ್ತದೆ. ಒಂದೇ ಕಡ್ಡಿ ಅಂದ್ರೆ ಒಂದೇ ಚಾನೆಲ್, ಎರಡು ಲೇನಿನ ರಸ್ತೆಯಲ್ಲಿ ಒಂದನ್ನು ಮುಚ್ಚಿದ ಹಾಗೆ. ಎರಡು ಕಡ್ಡಿ ಇದ್ರೂ ಬಯಾಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡದೆ 3200ರ ರ್‍ಯಾಮ್ 2133ರಲ್ಲಿ ವರ್ಷಗಟ್ಟಲೆ ಓಡಿದ್ದುಂಟು. ಆ ಒಂದು ಕ್ಲಿಕ್ಕಿಗೆ ಯಾರೂ ಕಮಿಷನ್ ಕೊಡುವುದಿಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ.

ಭಾಗ 6

ರಥಬೀದಿಯ ಫೋಟೋ. ಇದಕ್ಕೂ ಕಾರ್ಡಿಗೂ ಎಂತ ಸಂಬಂಧ ಅಂತ ಕೇಳ್ತೀರಿ. ಉಂಟು.

ಉಡುಪಿಯಲ್ಲಿ ಪರ್ಯಾಯ ಎರಡು ವರ್ಷಕ್ಕೊಮ್ಮೆ. ಎನ್ವಿಡಿಯಾದ ಕಾರ್ಡುಗಳ ಪೀಳಿಗೆಯೂ ಸುಮಾರು ಎರಡು ವರ್ಷಕ್ಕೊಮ್ಮೆ. 30 ಸರಣಿ ಬಂದದ್ದು 2020ರ ಸೆಪ್ಟೆಂಬರಿನಲ್ಲಿ, ಅದಮಾರು ಪರ್ಯಾಯ ನಡೀತಿತ್ತು. 40 ಸರಣಿ 2022ರ ಅಕ್ಟೋಬರಿನಲ್ಲಿ, ಕೃಷ್ಣಾಪುರ ಪರ್ಯಾಯ. 50 ಸರಣಿ 2025ರ ಜನವರಿಯಲ್ಲಿ, ಪುತ್ತಿಗೆ ಪರ್ಯಾಯ. ಪರ್ಯಾಯಕ್ಕೊಂದು ಪೀಳಿಗೆ, ಲೆಕ್ಕ ಸರಿಯಾಗಿ ಕೂತುಬಿಟ್ಟಿದೆ.

ವ್ಯತ್ಯಾಸ ಒಂದೇ. ಪರ್ಯಾಯದಲ್ಲಿ ಮುಂದೆ ಯಾವ ಮಠ, ಯಾವ ದಿನ ಅಂತ ಎಂಟು ಮಠಗಳ ಸರದಿಯಲ್ಲಿ ಹದಿನಾರು ವರ್ಷ ಮುಂಚೆಯೇ ಲೆಕ್ಕ ಹಾಕಿ ಹೇಳ್ಬಹುದು. ಜನವರಿ 18 ಅಂದ್ರೆ ಜನವರಿ 18. ಕಾರ್ಡಿಗೆ ಅಂಥ ಪಂಚಾಂಗ ಇಲ್ಲ. ನೀವು "ಮುಂದಿನ ವರ್ಷ 5070" ಅಂತ ಹೇಳುವಾಗ ಮುಂದಿನ ವರ್ಷ ಅದರ ಬೆಲೆ ಎಷ್ಟು, ಅದೇ ತಗೊಳ್ತೀರಾ, ಸೆಕೆಂಡ್ ಹ್ಯಾಂಡ್ 4070 ಸಿಕ್ಕಿ ಮನಸ್ಸು ತಿರುಗ್ತದಾ, ಇಲ್ಲ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿ ಪಿಸಿಯೇ ಮಾರ್ತೀರಾ, ನಿಮಗೇ ಗೊತ್ತಿಲ್ಲ.

ಹಿಂದೆ ಏನಾಯ್ತು ನೋಡಿ. 2020ರಲ್ಲಿ ಎಷ್ಟೋ ಜನ ಐ5-10400ಎಫ್ ತಗೊಂಡರು, ಬೋರ್ಡ್ ಬಿ460. "ಮುಂದೆ 11ನೇ ಪೀಳಿಗೆ ಹಾಕ್ಲಿಕ್ಕೆ ಆಗ್ತದೆ, ಕಾರ್ಡ್ 3060 ಬಂದ ಮೇಲೆ ತಗೊಳ್ಳುವ" ಅಂತ. 2021ರ ಫೆಬ್ರವರಿಯಲ್ಲಿ 3060 ಬಂತು. ಆದರೆ ಆ ವರ್ಷ ಚಿಪ್ ಅಭಾವ ಒಂದು ಕಡೆ, ಈಥೀರಿಯಂ ಮೈನಿಂಗ್ ಮಾಡುವವರು ಇನ್ನೊಂದು ಕಡೆ. ಹೇಳಿದ ಬೆಲೆಗೆ ಕಾರ್ಡ್ ಸಿಗಲೇ ಇಲ್ಲ. 11ನೇ ಪೀಳಿಗೆಯೂ ಬಂತು, ಸಾಕೆಟ್ ಅದೇ ಎಲ್‌ಜಿಎ 1200, ಆದರೆ ಇಂಟೆಲ್ ಬಿ460 ಚಿಪ್‌ಸೆಟ್‌ಗೆ ಬೆಂಬಲ ಕೊಡಲಿಲ್ಲ. ಈಥೀರಿಯಂ ಮೈನಿಂಗ್ ನಿಂತು ಕಾರ್ಡುಗಳು ಕೈಗೆಟುಕಿದ್ದು 2022ರ ಸೆಪ್ಟೆಂಬರಿನ ಸುಮಾರಿಗೆ. ಅಷ್ಟೊತ್ತಿಗೆ ಐ5-12400ಎಫ್ ಮತ್ತು ರೈಜನ್ 5 5600 ಎರಡೂ ಅಂಗಡಿಯಲ್ಲಿ ಕೂತಿದ್ದವು. ಎರಡು ವರ್ಷ ಮುಂಚೆ ಕಾರ್ಡಿಗೋಸ್ಕರ ಅಂತ ಕೊಂಡದ್ದು ಕಾರ್ಡ್ ಬರುವ ಹೊತ್ತಿಗೆ ಹಳತಾಗಿತ್ತು.

ಇದು ದುರದೃಷ್ಟ ಅಲ್ಲ. ಪ್ರೊಸೆಸರ್ ಮಾರುಕಟ್ಟೆಯಲ್ಲಿ ಕಾದವನಿಗೆ ಅದೇ ದುಡ್ಡಿಗೆ ಹೆಚ್ಚು ಸಿಗುವುದು ಹೆಚ್ಚಿನ ವರ್ಷಗಳಲ್ಲಿ ನಡೆದುಬಂದದ್ದು.

ಭಾಗ 7

"ಹೆಚ್ಚಿನ ವರ್ಷಗಳಲ್ಲಿ" ಅಂದೆ. ಕೂಡಲೇ ಕಾಮೆಂಟಲ್ಲಿ ಹಿಡಿದರು, ಸರಿಯೇ. ಈಗಿನ ಕಾಲ ಬೇರೆ, ರ್‍ಯಾಮ್ ಬೆಲೆ ನೋಡಿ ಅಂತ.

ನಿಜ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿದ ರೀತಿ ನೋಡಿದ್ರೆ ಮಲ್ಲಿಗೆ ಅಟ್ಟೆಯ ರೇಟು ನೆನಪಾಗ್ತದೆ, ಬೆಳಿಗ್ಗೆ ಒಂದು ಸಂಜೆ ಒಂದು. ಎಐ ಸರ್ವರುಗಳಿಗೆ ಮೆಮೊರಿ ಹೋಗ್ತಾ ಉಂಟು. ಮೈಕ್ರಾನ್ ಕಂಪೆನಿ ಡಿಸೆಂಬರಿನಲ್ಲಿ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸ್ತೇವೆ ಅಂತ ಪ್ರಕಟಿಸಿತು. ಕಾದರೆ ಅಗ್ಗ ಆಗ್ತದೆ ಅನ್ನುವ ಮಾತು ರ್‍ಯಾಮಿಗೆ ಈಗ ನಿಲ್ಲುವುದಿಲ್ಲ, ಒಪ್ಪಿದೆ.

ಆದರೆ ಅದು ಯಾರ ವಾದಕ್ಕೆ ಬಲ ಕೊಡ್ತದೆ? ಎಎಂ5ಗೆ ಹೋದ್ರೆ ಬೋರ್ಡ್ ಹೊಸದು, ರ್‍ಯಾಮ್ ಹೊಸದು, ಅದೂ ಡಿಡಿಆರ್5 ಮಾತ್ರ. "ಮುಂದಿನ ಕಾರ್ಡಿಗೆ ಈಗಲೇ ಪ್ಲಾಟ್‌ಫಾರ್ಮ್ ಬದಲಿಸಿ" ಅನ್ನುವವರು ನಿಮ್ಮನ್ನು ನೇರ ಆ ದುಬಾರಿ ಕೌಂಟರಿಗೆ ಕರ್ಕೊಂಡು ಹೋಗ್ತಾರೆ. ಎಎಂ4 ಬೋರ್ಡ್ ಇದ್ದವರು ಮನೆಯಲ್ಲಿರುವ ಡಿಡಿಆರ್4 ಇಟ್ಟುಕೊಂಡು ಚಿಪ್ ಒಂದನ್ನೇ ಬದಲಿಸ್ಬಹುದು. 2017ರ ರೈಜನ್‌ಗೆ ಬಂದ ಎ320, ಬಿ350 ಬೋರ್ಡುಗಳಿಗೆ ಕೂಡ ಎಎಂಡಿ 2022ರಲ್ಲಿ 5000 ಸರಣಿಗೆ ದಾರಿ ಬಿಟ್ಟಿತು. ಬಯಾಸ್ ಅಪ್‌ಡೇಟ್ ಮಾಡ್ಬೇಕು, ಅಷ್ಟೆ. ಇಂಟೆಲಿನ ಎಲ್‌ಜಿಎ 1700 ಇದ್ದವರಿಗೂ ಹಾಗೇ, 12ನೇ ಪೀಳಿಗೆಯ ಐ3 ತೆಗೆದು ಅದೇ ಬೋರ್ಡಿಗೆ 14ನೆಯ ಐ5 ಕೂರಿಸ್ಬಹುದು.

ಇದೇ ಎಎಂ4ನಲ್ಲಿ ಒಂದು ಕಡೆ ಮಾತ್ರ ನನ್ನ ವಾದಕ್ಕೆ ಪೆಟ್ಟು ಬೀಳ್ತದೆ. ಎಕ್ಸ್3ಡಿ ಚಿಪ್‌ಗಳು. 5700ಎಕ್ಸ್3ಡಿ, 5800ಎಕ್ಸ್3ಡಿ ಎರಡರಲ್ಲೂ 96 ಎಂಬಿ ಎಲ್3 ಕ್ಯಾಶ್, ಸಾಮಾನ್ಯ 5600ರಲ್ಲಿ 32. ಆಟಕ್ಕೆ ಆ ಕ್ಯಾಶ್ ಭಾರೀ ಕೆಲಸ ಮಾಡ್ತದೆ. ಹೊಸದು ಸಿಗುವುದು ಕಷ್ಟ ಆಗಿದೆ, ಸಿಕ್ಕಿದ್ರೂ ಬೆಲೆ ಹುಚ್ಚು. ಸರಿಯಾದ ಬೆಲೆಗೆ, ಬಿಲ್ ಸಮೇತ ಎಲ್ಲಾದ್ರೂ ಸಿಕ್ಕಿ, 720ಪಿ ಪರೀಕ್ಷೆಯಲ್ಲಿ ನಿಮ್ಮ ಹಳತು ಸೋತಿದ್ರೆ, ಕಾಯ್ಬೇಡಿ. ಕಾರಣ "5070 ಬರ್ತದೆ" ಅಂತ ಅಲ್ಲ, ನಿಮಗೆ ಇವತ್ತೇ ಸಾಲ್ತಾ ಇಲ್ಲ ಅಂತ.

ಭಾಗ 8

ಕಾರ್ಡಿನ ಹೆಸರು ನೋಡಿಯೇ ಪ್ರೊಸೆಸರ್ ಆರಿಸ್ಬೇಕಾದ ಸಂದರ್ಭ ಇಲ್ವೇ ಇಲ್ವಾ? ಉಂಟು, ಬಾಟಲ್‌ನೆಕ್ ಭೂತ ಬಿಡಿಸುವವರು ಅದನ್ನು ಮಾತ್ರ ಹೇಳುವುದಿಲ್ಲ.

ಇಂಟೆಲ್ ಆರ್ಕ್ ಬಿ580. 2024ರ ಡಿಸೆಂಬರಿನಲ್ಲಿ ಬಂತು, ಬೆಲೆಗೆ 12 ಜಿಬಿ ಮೆಮೊರಿ, ಎಲ್ಲರೂ ಹೊಗಳಿದರು. ಮುಂದಿನ ತಿಂಗಳೇ ಪರೀಕ್ಷಕರು ತೋರಿಸಿದರು, ರೈಜನ್ 5 2600ರಂಥ ಹಳೆ ಪ್ರೊಸೆಸರಿನಲ್ಲಿ ಹಾಕಿದ್ರೆ ಕೆಲವು ಆಟಗಳಲ್ಲಿ ಅದು ಎದುರಾಳಿ ಕಾರ್ಡುಗಳಿಗಿಂತ ಎಷ್ಟೋ ಕೆಳಗೆ ಬೀಳ್ತದೆ ಅಂತ. ಅದರ ಡ್ರೈವರ್ ಪ್ರೊಸೆಸರಿನಿಂದ ಹೆಚ್ಚು ಕೆಲಸ ಕೇಳ್ತದೆ. ಜೊತೆಗೆ ರೀಸೈಜಬಲ್ ಬಾರ್ ಆನ್ ಇರಲೇಬೇಕು. ಹಳೆ ಪಿಸಿಗೆ ಅಗ್ಗದ ಕಾರ್ಡ್ ಅಂತ ಇದನ್ನು ತರುವವರು ಎಚ್ಚರ.

ಮತ್ತೊಂದು ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ. ಅದಕ್ಕೆ ಇರುವುದು ನಾಲ್ಕೇ ಪಿಸಿಐಇ ಲೇನು. ಪಿಸಿಐಇ 4.0ರಲ್ಲಿ ಹೇಗೋ ನಡೀತದೆ, 3.0 ಬೋರ್ಡಿನಲ್ಲಿ ಹಾಕಿದ್ರೆ ದಾರಿ ಅರ್ಧ, 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ಜಗ್ಗಲಿಕ್ಕೆ ಶುರು. ಇಲ್ಲಿ ಪ್ರೊಸೆಸರೂ ಲೆಕ್ಕಕ್ಕೆ ಬರ್ತದೆ: ಬಿ550 ಬೋರ್ಡ್ ಇದ್ರೂ ರೈಜನ್ 5 5500 ಅಥವಾ 5600ಜಿ ಹಾಕಿದ್ರೆ ಸಿಗುವುದು 3.0 ಮಾತ್ರ. "5500, 5600 ಎರಡೂ ಒಂದೇ, ನೂರು ಮೆಗಾಹರ್ಟ್ಜ್ ವ್ಯತ್ಯಾಸ" ಅಂತ ಕೌಂಟರಲ್ಲಿ ಹೇಳುವುದನ್ನು ಕೇಳಿದ್ದೇನೆ. ಒಂದೇ ಅಲ್ಲ. 5500ರ ಎಲ್3 ಕ್ಯಾಶ್ ಕೂಡ ಅರ್ಧ, 16 ಎಂಬಿ. 4060, 5060ರಂಥ ಎಂಟು ಲೇನಿನ ಕಾರ್ಡುಗಳಿಗೆ 3.0ರಲ್ಲಿ ನಷ್ಟ ಸಣ್ಣದು, ಮೆಮೊರಿ ತುಂಬದ ವರೆಗೆ.

ಭಾಗ 9

ಫೋಟೋದಲ್ಲಿರುವುದು ಕಾಪುವಿನ ಒಂದು ಮನೆಯ ಕಾರ್ಡಿನ ಹಿಂಬದಿಯ ತಗಡು. ಸಮುದ್ರದಿಂದ ಹೆಚ್ಚು ದೂರ ಇಲ್ಲ. ತುಕ್ಕು ನೋಡಿ.

ಮುಂದಿನ ಕಾರ್ಡಿಗೆ ಈಗಲೇ ಏನಾದ್ರೂ ಖರ್ಚು ಮಾಡಲೇಬೇಕು ಅಂತ ಕೈ ತುರಿಸುವವರು ಎಸ್‌ಎಂಪಿಎಸ್ ತಗೊಳ್ಳಿ. ಇದು ನಿಜಕ್ಕೂ ಕಾರ್ಡಿಗೆ ಮ್ಯಾಚ್ ಆಗ್ಬೇಕಾದ ವಸ್ತು, ಇದರ ಬಗ್ಗೆ ಮಾತ್ರ ಡಿಎಂ ಬರುವುದಿಲ್ಲ. ಜಿಟಿಎಕ್ಸ್ 1650 ಬರೀ 75 ವ್ಯಾಟ್. 5060ಕ್ಕೆ 145, 5070ಕ್ಕೆ 250 ವ್ಯಾಟ್. ಎನ್ವಿಡಿಯಾ 5070ಗೆ ಕೇಳುವ ಸಪ್ಲೈ 650 ವ್ಯಾಟಿನದ್ದು. ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದ, ಹೊರಗೆ 450 ಅಂತ ಸ್ಟಿಕರ್ ಹಚ್ಚಿದ ಡಬ್ಬವನ್ನು ಅದಕ್ಕೆ ಸಿಕ್ಕಿಸ್ಬೇಡಿ. ಒಳ್ಳೆ ಎಸ್‌ಎಂಪಿಎಸ್ ಹಳತಾಗುವುದು ನಿಧಾನ, ವಾರಂಟಿ ಐದರಿಂದ ಹತ್ತು ವರ್ಷ. ಕಾರ್ಡ್ ಯಾವುದು ಬಂದರೂ ಅದು ದಂಡ ಆಗುವುದಿಲ್ಲ.

ಯುಪಿಎಸ್ ಕೂಡ. ಸಾಮಾನ್ಯ 600 ವಿಎ ಪೆಟ್ಟಿಗೆ ಕೊಡುವುದು 360 ವ್ಯಾಟಿನ ಆಸುಪಾಸು. 253 ವ್ಯಾಟಿನ ವರೆಗೆ ಏರಬಲ್ಲ ಐ7-13700ಕೆ, ಅದರ ಮೇಲೆ 5070, ಮತ್ತೆ ಮಾನಿಟರ್. ಕರೆಂಟ್ ಹೋದ ಕ್ಷಣ ಯುಪಿಎಸ್ ಕೂಡ ಅದರ ಹಿಂದೆಯೇ ಹೋಗ್ತದೆ. 65 ವ್ಯಾಟಿನ ಪ್ರೊಸೆಸರಿನ ಮಹತ್ವ ಬೆಂಗಳೂರಿನವರ ವಿಡಿಯೋ ನೋಡಿ ಗೊತ್ತಾಗುವುದಿಲ್ಲ. ಏಪ್ರಿಲ್-ಮೇಯ ಗುಡುಗಿಗೆ ಕಾರ್ಕಳದ ಕಡೆ ದಿನಕ್ಕೆ ಎಷ್ಟು ಸಲ ಕರೆಂಟ್ ಕಣ್ಣು ಮಿಟುಕಿಸ್ತದೆ ಅಂತ ಲೆಕ್ಕ ಹಾಕಿದವರಿಗೆ ಗೊತ್ತು. ಗುಡುಗು ಶುರುವಾದ್ರೆ ಪ್ಲಗ್ ತೆಗೀರಿ, ಬ್ರಾಡ್‌ಬ್ಯಾಂಡಿನ ಕೇಬಲ್ ಕೂಡ.

ಪತ್ತನಾಜೆ ಕಳೆದ ಮೇಲೆ ಪಿಸಿಯನ್ನು ನೆಲದಲ್ಲಿಡ್ಬೇಡಿ, ತಿಂಗಳುಗಟ್ಟಲೆ ಆಫ್ ಮಾಡಿಯೂ ಇಡ್ಬೇಡಿ. ಓಡ್ತಾ ಇದ್ರೆ ಬಿಸಿಗೆ ತೇವ ನಿಲ್ಲುವುದಿಲ್ಲ. ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ನಾಳೆಯ ಕಾರ್ಡಿಗೆ ಅಂತ ಇವತ್ತು ತಂದ ದುಬಾರಿ ಬೋರ್ಡ್ ಆ ಕಾರ್ಡ್ ಬರುವ ಮೊದಲು ಒಂದೋ ಎರಡೋ ನಮ್ಮ ಮಳೆಗಾಲ ದಾಟ್ಬೇಕು.

ಭಾಗ 10

ಕೊನೆಯದ್ದು, ಸೆಕೆಂಡ್ ಹ್ಯಾಂಡ್.

ಮೇ-ಜೂನ್‌ನಲ್ಲಿ ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಡುವವರು ಪಿಸಿ ಮಾರ್ತಾರೆ. ಅವರಿಗೆ ಅದನ್ನು ವಿಮಾನದಲ್ಲೋ ರೈಲಲ್ಲೋ ಸಾಗಿಸುವುದು ತಲೆನೋವು, ನಿಮಗೆ ಅದು ಹಬ್ಬ. ಹಳೆಯ ಕಾರ್ಡ್ ತಗೊಳ್ಳುವಾಗ ಹತ್ತು ಸಲ ಯೋಚಿಸಿ, ಹಳೆಯ ಪ್ರೊಸೆಸರ್ ತಗೊಳ್ಳುವಾಗ ಎರಡು ಸಲ ಸಾಕು. ಪ್ರೊಸೆಸರ್ ಅಷ್ಟು ಸುಲಭಕ್ಕೆ ಹಾಳಾಗುವ ವಸ್ತು ಅಲ್ಲ. ಒಂದು ಅಪವಾದ: ಇಂಟೆಲ್ 13, 14ನೇ ಪೀಳಿಗೆಯ ದೊಡ್ಡ ಚಿಪ್‌ಗಳು. ವೋಲ್ಟೇಜ್ ಸಮಸ್ಯೆಯಿಂದ ಅವು ನಿಧಾನಕ್ಕೆ ಕೆಡ್ತಿದ್ದವು, 2024ರ ಆಗಸ್ಟಿನಲ್ಲಿ ಇಂಟೆಲ್ ಮೈಕ್ರೋಕೋಡ್ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಅದಕ್ಕಿಂತ ಮುಂಚೆ ಹಳೆ ಬಯಾಸಿನಲ್ಲಿ ಓಡಿಸಿದ ಚಿಪ್ ಬಿಲ್ ಇಲ್ಲದೆ ಬೇಡ.

ಇನ್ನೊಂದು ವ್ಯಾಪಾರ ಉಂಟು, ಅದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳ್ತೇನೆ. ಕಂಪೆನಿಗಳು ಬಿಸಾಡಿದ ಆಫೀಸ್ ಡಬ್ಬಗಳು ರಿಫರ್ಬಿಷ್ಡ್ ಅಂತ ನಮ್ಮ ಕಡೆ ಬರ್ತವೆ, ಒಳಗೆ ಐ5-6500. ಓದ್ಲಿಕ್ಕೆ, ಟ್ಯಾಲಿಗೆ ಒಳ್ಳೇದೇ. ಅದನ್ನು ತಗೊಂಡ ಹುಡುಗನಿಗೆ "ಮುಂದೆ ಕಾರ್ಡ್ ಹಾಕ್ಲಿಕ್ಕೆ ಐ7-6700ಗೆ ಅಪ್‌ಗ್ರೇಡ್ ಮಾಡಿ" ಅಂತ ಮತ್ತೆ ದುಡ್ಡು ಕೀಳ್ತಾರೆ. ನಾಲ್ಕೇ ಕೋರು, 2015ರ ಚಿಪ್. ವಿಂಡೋಸ್ 11 ಅಧಿಕೃತವಾಗಿ 8ನೇ ಪೀಳಿಗೆಯಿಂದ ಮೇಲೆ ಮಾತ್ರ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಬ್ಬದ ಎಸ್‌ಎಂಪಿಎಸ್ ಕಂಪೆನಿಯ ಸ್ವಂತ ಆಕಾರದ್ದು, ಹೆಚ್ಚಿನವುಗಳಲ್ಲಿ ಕಾರ್ಡಿಗೆ ಬೇಕಾದ ಪವರ್ ಕೇಬಲ್ಲೇ ಇಲ್ಲ. ಎಂಥಾ ಕಾರ್ಡ್ ಹಾಕ್ತೀರಿ ಅದಕ್ಕೆ? ಹುಡುಗ ಹತ್ತನೇ ಕ್ಲಾಸು, ದುಡ್ಡು ಅಜ್ಜಿ ಕೊಟ್ಟದ್ದು ಅಂತ ಗೊತ್ತಿದ್ದೂ ಮಾರುವವರಿಗೆ ನನ್ನಿಂದ ಗೌರವ ಇಲ್ಲ.

ಎಎಂ4 ಚಿಪ್ ಕೈಯಾರೆ ತರುವವರಿಗೆ: ಪಿನ್ನುಗಳು ಚಿಪ್ಪಿನ ಅಡಿಯಲ್ಲೇ, 1331 ಉಂಟು. ಪ್ಲಾಸ್ಟಿಕ್ ಕವಚ ಇಲ್ಲದೆ ಜೇಬಿಗೆ ಹಾಕಿ ಬೈಕಲ್ಲಿ ಮಣಿಪಾಲದಿಂದ ಕಾಪುವಿಗೆ ಹೋಗ್ಬೇಡಿ. ಹಳೆಯದನ್ನು ತೆಗೆಯುವ ಮೊದಲು ಹತ್ತು ನಿಮಿಷ ಆಟ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಳೆಯದೆ ಮೆಲ್ಲ ತಿರುಚಿ ಬಿಡಿಸಿ. ತಣ್ಣಗಿರುವಾಗ ಎಳೆದ್ರೆ ಲಾಕ್ ಹಾಕಿದ್ದಾಗಲೂ ಚಿಪ್ ಕೂಲರಿಗೆ ಅಂಟಿಕೊಂಡೇ ಮೇಲೆ ಬರ್ತದೆ, ಪಿನ್ ಬಾಗಿ.

ಕಾಮೆಂಟಲ್ಲಿ ಮೂರೇ ವಿಷಯ ಬರೆಯಿರಿ: ಯಾವ ಆಟ, ಪರದೆ ಎಷ್ಟು ಹರ್ಟ್ಜ್, 720ಪಿಯಲ್ಲಿ ಎಷ್ಟು ಎಫ್‌ಪಿಎಸ್ ಬಂತು. ಭಾನುವಾರ ಕೂತು ಒಂದೊಂದಕ್ಕೂ ಉತ್ತರ ಕೊಡ್ತೇನೆ. ಮುಂದಿನ ವರ್ಷದ ಕಾರ್ಡಿನ ಹೆಸರು ಬರೆದವರಿಗೆ ಉತ್ತರ ಇಲ್ಲ.

#ಉಡುಪಿ #ಮಣಿಪಾಲ #ಕಾಪು #ಕಾರ್ಕಳ #ಕನ್ನಡಗೇಮಿಂಗ್ #ಪಿಸಿಪಂಚಾತಿಗೆ